ತಣ್ಣಗಾದ ರಕ್ತ

ಹೋದ ಸಲ ಹುಡುಗಿಯ ತೋಳಿನಿಂದ ರಕ್ತ ತೆಗೆದಾಗ ಅದು ಯಾತಕ್ಕೆಂದು ಅವಳಿಗೂ ಹೇಳಲಿಲ್ಲ, ಅವಳ ಅಮ್ಮನಿಗೂ ಹೇಳಲಿಲ್ಲ. ಬೆನ್ನುಮೂಳೆಯ ಎಕ್ಸ್‌ರೇ ತೆಗೆಸಲು ಬಂದವರನ್ನು ಪಕ್ಕದ ಕೋಣೆಗೆ ಕರೆದು, "ಎಲ್ಲರದ್ದೂ ತೆಗೀತೀವಿ" ಎಂದು ಸೂಜಿ ಚುಚ್ಚಿದರು.

ಇವತ್ತು ಬೆನ್ನು ನೆಟ್ಟಗಿಡುವ ಕವಚ ಹಾಕುವ ದಿನ. ಹುಡುಗಿ ಆಸ್ಪತ್ರೆಯ ಬೆಂಚಿನ ಮೇಲೆ ಒಂದು ಭುಜ ಮೇಲೆ, ಒಂದು ಭುಜ ಕೆಳಗಾಗಿ ಕೂತಿದ್ದಳು. ಹದಿನಾಲ್ಕು ತುಂಬುವಷ್ಟರಲ್ಲಿ ಒಮ್ಮೆಲೇ ಒಂದು ಗೇಣು ಎತ್ತರವಾಗಿದ್ದಳು. ಬೆಳೆಯುತ್ತಾ ಬೆನ್ನು ಒಂದು ಕಡೆಗೆ ಬಾಗಿತ್ತು. ಶಾಲೆಯಲ್ಲಿ ಅವಳಿಗೆ ಕೊಕ್ಕರೆ ಎಂದೇ ಹೆಸರು. ಎದುರಿನ ಗೋಡೆಯ ಮೊಳೆಗೆ ಬಿಳಿ ಪ್ಲಾಸ್ಟಿಕ್ಕಿನ ಕವಚ ನೇತಾಡುತ್ತಿತ್ತು, ಅವಳ ಅಳತೆಗೇ ಮಾಡಿದ್ದು. ಮನುಷ್ಯರಿಲ್ಲದ ಒಂದು ಮೈ.

"ಅಮ್ಮಾ, ಅದು ಉಸಿರಾಡ್ತಿದೆ ನೋಡು."

"ಫ್ಯಾನಿನ ಗಾಳಿ ಕಣೇ. ಹಗಲುಗನಸು ಕಾಣೋಕೆ ನಿನಗೆ ಆಸ್ಪತ್ರೇನೇ ಬೇಕಿತ್ತಾ?"

ಅಮ್ಮ ಇಸ್ತ್ರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕೂತಲ್ಲೇ ಸೀರೆಯ ಸೆರಗನ್ನು ತೊಡೆಯ ಮೇಲೆ ಹರಡಿ, ಸುಕ್ಕು ಕಂಡಲ್ಲೆಲ್ಲಾ ಅಂಗೈಯಿಂದ ತೀಡುತ್ತಿದ್ದಳು. ಅವಳಿಗೇ ಗೊತ್ತಿಲ್ಲದ ಅಭ್ಯಾಸ.

ಅರೆತೆರೆದ ಬಾಗಿಲಿನಾಚೆ ಬೆಳಕು ಕೆಂಪಗೆ ಮಿನುಗಿತು. ಹುಡುಗಿ ಎದ್ದು ಹೋಗಿ ಹೊಸ್ತಿಲಲ್ಲಿ ನಿಂತಳು. ಪರೀಕ್ಷೆ ಮಾಡುವ ಹೆಂಗಸೊಬ್ಬಳು ಕೂದಲೆಳೆಯಂಥ ಗಾಜಿನ ಕೊಳವೆಯಲ್ಲಿ ರಕ್ತ ಇಳಿಸುತ್ತಿದ್ದಳು. ಅದು ಅವಸರವಿಲ್ಲದೆ, ಊಟವಾದ ಮೇಲೆ ಅಂಗಳಕ್ಕೆ ಬಂದವರ ಹಾಗೆ ಇಳಿಯುತ್ತಿತ್ತು.

"ಏನ್ ಮಾಡ್ತಿದ್ದೀರಾ ಅಕ್ಕಾ?"

"ರಕ್ತ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ನೋಡ್ತಿದ್ದೀನಿ ಪುಟ್ಟಿ. ಬೆನ್ನು ಬಾಗಿರೋ ಮಕ್ಕಳದ್ದು ಉಳಿದವರಿಗಿಂತ ಮಂದವಾ ಅಂತ. ಡಾಕ್ಟರು ಅದರ ಬಗ್ಗೆ ಬರೀತಿದ್ದಾರೆ."

"ಹೋದ ಸಲ ನಂದು ತೆಗೆದಿದ್ದೂ ಇದಕ್ಕೇನಾ?"

ಹೆಂಗಸಿನ ಕೈ ನಿಂತಿತು. "ನಿಮಗೆ ಹೇಳಿರಲಿಲ್ವಾ?"

"ಇಲ್ಲ. ನಂದು ಹೇಗೆ ಹರೀತು?"

"ಹಾಳಾಯ್ತು ಕಣೇ. ಮೈಯಲ್ಲಿದ್ದಷ್ಟೇ ಬೆಚ್ಚಗಿರಬೇಕು ಇದು. ಯಾರೋ ಐಸ್ ಡಬ್ಬದಲ್ಲಿಟ್ಟುಬಿಟ್ರು. ತಣ್ಣಗಾದ ರಕ್ತ ಹರಿಯೋ ರೀತಿನೇ ಬೇರೆ. ಕೈ ತೊಳೆಯೋ ತೊಟ್ಟಿಗೆ ಚೆಲ್ಲಬೇಕಾಯ್ತು."

ಹುಡುಗಿ ಬೆಂಚಿಗೆ ಮರಳಿ ಕಣ್ಣು ಮುಚ್ಚಿದಳು. ತೊಟ್ಟಿಯ ತೂತಿನಿಂದ ಇಳಿದ ಅವಳ ರಕ್ತ ಬೀದಿಗಳ ಕೆಳಗೆ, ಬಸ್ಸುಗಳ ಕೆಳಗೆ, ಶಾಲೆಯ ಕೆಳಗೆ ಹರಿಯುತ್ತಿತ್ತು. ಚಳಿಗೆ ನಡುಗುತ್ತಾ ಮನೆ ಹುಡುಕುತ್ತಿತ್ತು. ಕೊನೆಗೊಂದು ಬಾಗಿದ ಓಣಿ ಸಿಕ್ಕಿತು; ಗುರುತಿದ್ದವರ ಹಾಗೆ ಅದರೊಳಗೆ ಮೆಲ್ಲನೆ ತಿರುಗಿತು.

"ಏಳಮ್ಮ, ಕವಚ ಹಾಕೋಣ." ಎದುರಿಗೆ ಡಾಕ್ಟರು ನಿಂತಿದ್ದರು. "ಅದಕ್ಕೆ ಮುಂಚೆ ಸ್ವಲ್ಪ ರಕ್ತ ಕೊಟ್ಟುಬಿಡು."

"ಕವಚಕ್ಕೂ ರಕ್ತಕ್ಕೂ ಏನ್ ಸಂಬಂಧ ಡಾಕ್ಟ್ರೇ?" ಹುಡುಗಿ ಕೇಳಿದಳು.

"ಅದೆಲ್ಲಾ ನಿನಗೆ ಅರ್ಥ ಆಗಲ್ಲ. ಕೂತು ಚರ್ಚೆ ಮಾಡ್ತಿದ್ರೆ ಕವಚ ಹಾಕೋರು ಹೊರಟುಹೋಗ್ತಾರೆ. ಆಮೇಲೆ ನನ್ನ ಕೇಳಬೇಡಿ."

ಅಮ್ಮ ಗೋಡೆಯ ಮೇಲಿನ ಕವಚದ ಕಡೆ ನೋಡಿದಳು. ತಡವಾದಷ್ಟೂ ಬೆನ್ನು ಹೆಚ್ಚು ಬಾಗುತ್ತದೆಂದು ಹೇಳಿದ್ದವರು ಈ ಡಾಕ್ಟರೇ. ಮಗಳ ಅಂಗಿಯ ತೋಳನ್ನು ಮೇಲಕ್ಕೆ ಮಡಚತೊಡಗಿದಳು. "ಕೊಟ್ಟುಬಿಡೇ ನಮ್ಮಮ್ಮ. ಒಂದು ಸೂಜಿ ತಾನೆ?"

"ಅಮ್ಮಾ, ಹೋದ ಸಲದ್ದು ಚೆಲ್ಲಿಬಿಟ್ರಂತೆ. ನನ್ನ ಬೆನ್ನಿಗಲ್ವಂತೆ ಅದು. ಇವರು ಬರೆಯೋಕಂತೆ."

ಮಡಚುತ್ತಿದ್ದ ಅಮ್ಮನ ಬೆರಳುಗಳು ಅಲ್ಲೇ ನಿಂತವು. "ಹೌದಾ ಡಾಕ್ಟ್ರೇ?"

"ನಾಳೆ ಇಂಥ ಎಷ್ಟೋ ಮಕ್ಕಳಿಗೆ ಒಳ್ಳೇದಾಗುತ್ತಮ್ಮ."

"ಕೇಳಿದ್ದಿದ್ರೆ ಕೊಡ್ತಿದ್ದೆ," ಎಂದಳು ಹುಡುಗಿ.

"ಈಗ ಕೇಳ್ತಿದ್ದೀನಲ್ಲಾ?"

"ಕವಚಾನ ಮೊಳೆಗೆ ನೇತುಹಾಕಿಕೊಂಡು ಕೇಳ್ತಿದ್ದೀರಿ."

ಡಾಕ್ಟರ ಮುಖ ಕೆಂಪಾಯಿತು. ಬಾಗಿಲಲ್ಲಿ ಗಾಜಿನ ಕೊಳವೆ ಹಿಡಿದ ಹೆಂಗಸು ತಲೆ ತಗ್ಗಿಸಿದಳು.

"ತೋಳು ಚಾಚು," ಎಂದರು ಡಾಕ್ಟರು.

"ಚಾಚಲ್ಲ."

ಗೋಡೆಯ ಮೇಲೆ ಕವಚ ಅತ್ತಿತ್ತ ತೂಗಿತು. ಅಮ್ಮ ಮಗಳ ಮುಖವನ್ನೂ ನೋಡಲಿಲ್ಲ, ಡಾಕ್ಟರ ಮುಖವನ್ನೂ ನೋಡಲಿಲ್ಲ. ಮಡಚಿದ್ದ ಅಂಗಿಯ ತೋಳನ್ನು ಬಿಡಿಸಿ ಮಣಿಕಟ್ಟಿನವರೆಗೆ ಇಳಿಸಿದಳು. ಬಟ್ಟೆಯಲ್ಲಿ ಉಳಿದ ಸುಕ್ಕನ್ನು ಬೆಚ್ಚಗಿನ ಅಂಗೈಯಿಂದ ನಿಧಾನವಾಗಿ ತೀಡತೊಡಗಿದಳು.