ಓದಿದ್ದಕ್ಕೆ ಕಂದು ಬಣ್ಣ

ಸೊಸೆ ಆಸ್ಪತ್ರೆಯೊಂದರ ವೆಬ್ ಪುಟಗಳನ್ನು ವಿನ್ಯಾಸ ಮಾಡುವವಳು. ಹೊಸ ಬಣ್ಣಗಳನ್ನು ಪುಟಕ್ಕೆ ಏರಿಸಿದ ಮೇಲೆ ಮನೆಯಲ್ಲೇ ಅತಿ ಮಂಕಾದ ಪರದೆಯಲ್ಲಿ ಒಮ್ಮೆ ನೋಡದೆ ಅವಳಿಗೆ ಸಮಾಧಾನವಿಲ್ಲ. ಆ ಪರದೆ ಅತ್ತೆಯ ಕೋಣೆಯಲ್ಲಿತ್ತು.

"ಅತ್ತೆ, ಐದು ನಿಮಿಷ ನಿಮ್ಮ ಕಂಪ್ಯೂಟರ್ ಕೊಡ್ತೀರಾ?"

"ತಗೋ. ಅಷ್ಟು ಓದಿ ಬರೀ ಬಣ್ಣ ಬಳಿಯೋ ಕೆಲಸ ನಿಂದು. ಈ ಗೋಡೆಗಾದ್ರೂ ಬಳಿದಿದ್ರೆ ಮನೆ ಚೆನ್ನಾಗಿ ಕಾಣ್ತಿತ್ತು." ಅತ್ತೆ ಹೆಣಿಗೆಯನ್ನು ಕುರ್ಚಿಯ ಮೇಲಿಂದ ಎತ್ತಿಕೊಂಡು ಅಡುಗೆಮನೆಗೆ ಹೋದರು.

ಪುಟದಲ್ಲಿ ಎರಡು ಭಾಗ. ಮೇಲಿನ ಪಟ್ಟಿಯಲ್ಲಿ ವೈದ್ಯರು, ವೇಳೆ, ವಿಳಾಸ. ಅಲ್ಲಿನ ಲಿಂಕುಗಳು ಎಷ್ಟು ಸಲ ಒತ್ತಿದರೂ ಬಿಳಿಯೇ. ಕೆಳಗೆ ಕ್ಯಾನ್ಸರ್ ರೋಗಿಗಳಿಗೆಂದು ಎಂದೋ ಬರೆಸಿಟ್ಟ ಬರಹಗಳು. ಅಲ್ಲಿಗೆ ಮಾತ್ರ ಅವಳು ಬೇರೆ ನಿಯಮ ಬರೆದಿದ್ದಳು: ಓದದ ಲಿಂಕು ನೀಲಿ, ಅದೇ ಕಂಪ್ಯೂಟರಿನಲ್ಲಿ ಹಿಂದೆ ಓದಿದ್ದು ಕಂದು. ದಣಿದವರು ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಡಕಾಡಬಾರದು ಎಂಬುದು ಅವಳ ವಾದ.

ಪುಟ ತೆರೆಯಿತು. ಕೆಳಗೆ ಸಾಲಿಗೆ ಸಾಲೇ ಕಂದು.

ತನ್ನದೇ ತಪ್ಪೆಂದುಕೊಂಡಳು, ಬಣ್ಣ ಅದಲುಬದಲಾಗಿರಬೇಕು. ಈ ಬರಹಗಳನ್ನು ಒಮ್ಮೆಯೂ ತೆರೆಯದ ತನ್ನ ಫೋನಿನಲ್ಲಿ ನೋಡಿದಳು. ಎಲ್ಲವೂ ನೀಲಿ. ನಿಯಮ ಸರಿಯಾಗಿಯೇ ಇತ್ತು.

ಈ ಕಂಪ್ಯೂಟರನ್ನು ಅತ್ತೆ ಬಿಟ್ಟು ಬೇರಾರೂ ಮುಟ್ಟುವುದಿಲ್ಲ. ತಾನು ಇದರಲ್ಲಿ ಬಣ್ಣ ನೋಡಿದ್ದುಂಟು, ಬರಹ ತೆರೆದದ್ದಿಲ್ಲ.

ಅತ್ತೆಗೆ ಹೇಳಿದ್ದು ಹೊಟ್ಟೆಯ ಹುಣ್ಣು ಎಂದು. "ಅಮ್ಮ ತಡ್ಕೊಳ್ಳಲ್ಲ, ಬಾಯಿ ಬಿಡ್ಬೇಡ" ಎಂದು ಗಂಡ ಅವಳಿಂದ ಮಾತು ತೆಗೆದುಕೊಂಡಿದ್ದ. ಕ್ಯಾನ್ಸರ್ ಎಂಬ ವರದಿ ಬಂದಂದಿನಿಂದ ಇಬ್ಬರೂ ಊಟದ ಹೊತ್ತಿಗೆ ನಗುನಗುತ್ತ ಸುಳ್ಳು ಹೇಳುತ್ತಿದ್ದರು. ಅತ್ತೆಯೂ ನಗುತ್ತಿದ್ದರು.

ಕೂದಲು ಉದುರುವಾಗ. ನೋವು ಹೆಚ್ಚಾದಾಗ. ಚಿಕಿತ್ಸೆ ಬೇಡವೆನಿಸಿದಾಗ. ಎಲ್ಲವೂ ಕಂದು. ಕಟ್ಟಕಡೆಯ ಒಂದು ಮಾತ್ರ ನೀಲಿ: 'ಮನೆಯವರೊಡನೆ ಮಾತಾಡುವುದು ಹೇಗೆ'.

"ಏನೇ, ಬಣ್ಣ ಸರಿಯಾಗಿ ಕೂತಿದೆಯಾ?" ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಎರಡು ಲೋಟ ಕಾಫಿ.

ಸೊಸೆ ಕುರ್ಚಿ ತಿರುಗಿಸಿದಳು. "ಓದಿರೋದು... ಕಂದಾಗತ್ತೆ, ಅತ್ತೆ."

ಅತ್ತೆ ಪರದೆ ನೋಡಿದರು, ಸೊಸೆಯ ಮುಖ ನೋಡಿದರು. ಲೋಟಗಳನ್ನು ಮೇಜಿನ ಮೇಲಿಡುವಾಗ ಒಂದಿಷ್ಟು ಚೆಲ್ಲಿತು.

"ಇಂಥ ಚಾಡಿಕೋರ ಬಣ್ಣ ಯಾಕೆ ಹಾಕ್ದೆ?"

"ಅತ್ತೆ..."

"ಅವನಿಗೆ ಮಾತ್ರ ಹೇಳ್ಬೇಡ ಕಣೇ. ನನ್ನ ಮಗ ತಡ್ಕೊಳ್ಳಲ್ಲ."

"ನಿಮ್ಮ ವಿಷಯದಲ್ಲಿ ಅವರೂ ಇದೇ ಮಾತು ಹೇಳಿದ್ರು."

ಅತ್ತೆ ಮಂಚದ ಅಂಚಿನಲ್ಲಿ ಕುಸಿದು ಕೂತರು. ಹೊರಗೆ ಬೀಗ ತೆರೆದ ಸದ್ದು. ಗಂಡ ಬೂಟು ಬಿಚ್ಚುತ್ತಿದ್ದ.

"ರೀ, ಇಲ್ಲಿ ಬನ್ನಿ ಸ್ವಲ್ಪ," ಎಂದು ಸೊಸೆ ಕೂಗಿಯೇಬಿಟ್ಟಳು.

ಅತ್ತೆ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಬಿಟ್ಟರು. ಆಮೇಲೆ ತಾವೇ ಬಾಗಿ ನೀಲಿ ಲಿಂಕನ್ನು ಒತ್ತಿದರು.

"ಕನ್ನಡಕ ಕೊಡು ಬೇಗ. ಅವನು ಬರೋದ್ರೊಳಗೆ ಇದೊಂದು ಓದ್ಬಿಡ್ತೀನಿ."