ಇಬ್ಬರು ಹೊರುವ ಗಾಜು

ಕಿಟಕಿಗಳಿಗೆ ಗಾಜು ಕೂರಿಸುವ ಅವನನ್ನು ಬೀದಿಯೆಲ್ಲ ಗಾಜಣ್ಣನೆಂದೇ ಕರೆಯುತ್ತಿತ್ತು. ತಾನು ಸೇರಿದ್ದ ಪುಂಡರ ದಂಡನ್ನು ಬಿಟ್ಟ ಮೇಲೆ ಹಾಗೆ ಕರೆಯುವವರೂ ಇಲ್ಲವಾದರು. ಹೊರಗಿನಿಂದ ಬಂದು ನೆಲೆಸಿದವರ ಅಂಗಡಿಗಳಿಗೆ ಕಲ್ಲು ತೂರುವುದನ್ನೇ ಪೌರುಷವೆಂದು ಎಣಿಸಿದ್ದ ಆ ದಂಡಿನವರು ಎದುರಾದರೆ ಮುಖ ತಿರುಗಿಸುತ್ತಿದ್ದರು; ಕಲ್ಲೇಟು ತಿಂದವರು ಅವನ ನೆರಳು ಕಂಡರೂ ಸರಿದುಹೋಗುತ್ತಿದ್ದರು. ಅತ್ತ ದರಿ, ಇತ್ತ ಪುಲಿ.

ಅವನ ಬಾಗಿಲು ತಟ್ಟುತ್ತಿದ್ದವಳು ಒಬ್ಬಳೇ: ಇಂಥ ದಂಡುಗಳನ್ನು ಜನ ಏಕೆ ಬಿಡುತ್ತಾರೆಂದು ಅಧ್ಯಯನ ಮಾಡುತ್ತಿದ್ದ ಸಂಶೋಧಕಿ. ಒಂದೇ ಭೇಟಿಗೆ ಮುಗಿಯಬೇಕಿದ್ದ ಮಾತನ್ನು ಅವನು ರಬ್ಬರಿನಂತೆ ಎಳೆದಿದ್ದ. ಮೊದಲು ನಾಯಕನ ಮೋಸ ಕಂಡು ಬಿಟ್ಟೆನೆಂದ. ಆಮೇಲೆ ತೀರಿಹೋದ ತಾಯಿ ಕನಸಿನಲ್ಲಿ ಬೈದಳೆಂದ. ಮತ್ತೊಮ್ಮೆ ಪೊಲೀಸರ ಭಯವೆಂದ. ಪ್ರತಿಸಲವೂ ಕಥೆಯ ಬಾಲವನ್ನು ಉಳಿಸಿಕೊಳ್ಳುತ್ತಿದ್ದ, ಅದನ್ನು ಕೇಳಲಾದರೂ ಅವಳು ಮತ್ತೆ ಬರಲೆಂದು.

ಅಂದು ಅವಳು ರೆಕಾರ್ಡರನ್ನು ಚೀಲದಿಂದ ತೆಗೆಯಲೇ ಇಲ್ಲ.

"ಅಣ್ಣಾ, ನೀವು ಹೇಳಿದ್ದು ಒಂದಕ್ಕೊಂದು ತಾಳೆ ಆಗ್ತಿಲ್ಲ. ನಿಮ್ಮ ಮಾತು ಬಿಟ್ಟೇ ಬರೀಬೇಕು. ಇವತ್ತೇ ಕೊನೆ."

ಅವನು ಗೋಡೆಗೊರಗಿದ್ದ ದೊಡ್ಡ ಗಾಜಿನತ್ತ ನೋಡಿದ. ಇಬ್ಬರು ಹಿಡಿಯದೆ ಏಳುವಂಥದಲ್ಲ ಅದು. ದಂಡಿನ ಭಾನುವಾರದ ಸಭೆಗೆ ಬಂದರೆ ಗಾಜು ಹೊರಲು ನಾಲ್ವರನ್ನು ಕರೆತರುವುದಾಗಿ ಅಲ್ಲಿನ ಹಳೆಯ ಗೆಳೆಯ ಬೆಳಿಗ್ಗೆಯಷ್ಟೇ ಫೋನಿನಲ್ಲಿ ಆಸೆ ತೋರಿಸಿದ್ದ; ಸಂಜೆ ಉತ್ತರ ಕೇಳುವವನಿದ್ದ.

ಕೊನೆಗೆ ಗಾಜಣ್ಣ ನಿಜ ಹೇಳಿದ. ತಾನು ಕಲ್ಲೆಸೆದಿದ್ದ ಅಂಗಡಿಯ ಮುದುಕ, ಅದನ್ನರಿಯದೆ, ಹೊಸ ಗಾಜು ಕೂರಿಸಲು ತನ್ನನ್ನೇ ಕರೆದಿದ್ದ. ಗಾಜಿನ ಇನ್ನೊಂದು ತುದಿಯನ್ನು ಆ ಮುದುಕನೇ ಹಿಡಿದು, "ಮೆಲ್ಲಗಪ್ಪಾ, ಕೈ ಕುಯ್ದೀತು," ಎಂದಿದ್ದ.

"ಅಷ್ಟೇನಾ?"

"ಅಷ್ಟೇ ಕಣಮ್ಮಾ. ಅಷ್ಟೇ ಅಂದಿದ್ರೆ ನೀವು ಮೊದಲ ದಿನವೇ ಎದ್ದು ಹೋಗ್ತಿದ್ರಿ."

ಅವಳು ಚೀಲ ಹೆಗಲಿಗೇರಿಸಿದಳು. ಇದನ್ನು ಮಾತ್ರ ಬರೆಯುತ್ತೇನೆಂದಳು; ಮತ್ತೆ ಬರುತ್ತೇನೆನ್ನಲಿಲ್ಲ.

ಸಂಜೆ ಫೋನು ಬಡಿದುಕೊಂಡಿತು.

"ಏನಯ್ಯಾ, ಸನ್ಯಾಸ ಮುಗೀತಾ?"

"ಬರಲ್ಲ ಕಣೋ. ನಾನೇ ಹೊತ್ಕೋತೀನಿ."

"ಇಬ್ಬರ ಗಾಜನ್ನ ಒಬ್ಬನೇ? ಸೊಂಟ ಮುರ್ಕೋತೀಯ," ಎಂದು ನಗುತ್ತ ಗೆಳೆಯ ಫೋನಿಟ್ಟ.

ಗಾಜಣ್ಣ ಗಿರಾಕಿಗೆ ಫೋನು ಮಾಡಿ, ಕಿಟಕಿಗೆ ಎರಡು ತುಂಡು ಗಾಜು ಕೂರಿಸಿ ನಡುವೆ ಮರದ ಪಟ್ಟಿಯೊಂದನ್ನು ಕೊಡುತ್ತೇನೆಂದು ಒಪ್ಪಿಸಿದ. ಒರಗಿದ್ದಂತೆಯೇ ಆ ಗಾಜಿಗೆ ಅಳತೆಪಟ್ಟಿ ಹಿಡಿದು ಗಾಜು ಕೊಯ್ಯುವ ವಜ್ರದ ಮೊನೆಯಿಂದ ಗೆರೆ ಎಳೆದ. ಗೆರೆಯ ಬಳಿ ಒತ್ತಿದೊಡನೆ ಟಕ್ಕೆಂದು ಅದು ಎರಡಾಯಿತು. ಒಂದು ತುಂಡನ್ನು ಎದೆಗವಚಿಕೊಂಡು ಎದ್ದ.

"ಮೆಲ್ಲಗಪ್ಪಾ," ಎಂದು ತನಗೆ ತಾನೇ ಹೇಳಿಕೊಂಡ.