ಅಜ್ಜಿಯ ಸೀಟಿನಲ್ಲಿ ಭಾವ

ನನ್ನ ಗಂಡನ ಅಣ್ಣ ಕುತ್ತಿಗೆ ಮಾತ್ರ ತಿರುಗಿಸಿದ್ದನ್ನು ನಾನು ನೋಡಿಲ್ಲ. ಹಿಂದಿನಿಂದ ಯಾರಾದರೂ ಕರೆದರೆ ಕುತ್ತಿಗೆ, ಹೆಗಲು, ಸೊಂಟ, ಪಾದ ಎಲ್ಲವೂ ಒಟ್ಟಿಗೆ, ಬೀರುವನ್ನು ಸರಿಸಿದ ಹಾಗೆ, ತಿರುಗುತ್ತವೆ. ಅಡುಗೆಮನೆಗೆ ಹೊರಟರೆ ಬಾಗಿಲ ಚೌಕಟ್ಟಿಗೆ ಒಂದು ಹೆಗಲು ತಾಗಲೇಬೇಕು. ಹಿಂದೊಮ್ಮೆ ಗ್ಯಾರೇಜಿನಲ್ಲಿ ಜಾಕ್ ಜಾರಿ ಬೆನ್ನಿಗೆ ಪೆಟ್ಟಾದಾಗಿನಿಂದ ಹೀಗಂತೆ. ಪೆಟ್ಟಿಗೆ ಮುಂಚೆಯೂ ಹೀಗೇ ಇದ್ದರು ಎನ್ನುವುದು ಅವರ ಹೆಂಡತಿಯ ವಾದ. ಈ ಓರಗಿತ್ತಿಯನ್ನು ನಾನು ಅಕ್ಕ ಎನ್ನುತ್ತೇನೆ.

ಭಾವನ ಖಾಕಿ ಕೋಟಿನ ಬಲತೋಳು ಗೇರ್ ಎಣ್ಣೆ ಕುಡಿದು ಕಪ್ಪಾಗಿದೆ. ಒಗೆಯಲು ಕೊಡಿ ಎಂದರೆ, "ಬಿಡಮ್ಮ, ಈಗಷ್ಟೇ ಪಳಗಿದೆ" ಎನ್ನುತ್ತಾರೆ. ಗಾಡಿಯ ಹಿಂದಿನ ಎರಡು ಚಕ್ರಗಳ ನಡುವೆ ಇರುವ, ಡಿಫರೆನ್ಷಿಯಲ್ ಎಂಬ ಗೇರುಗಳ ಉಂಡೆಯೇ ಅವರ ಪ್ರಪಂಚ. ಕೇಳಲು ಯಾರಾದರೂ ಸಿಕ್ಕರೆ ಸಾಕು, ನಾನು ಸಿಗುತ್ತಿದ್ದೆ.

"ನೀನೂ ನಿಮ್ಮಕ್ಕನೂ ಕೈ ಹಿಡ್ಕೊಂಡು ಬೀದಿ ಮೂಲೆ ತಿರುಗ್ತೀರಿ ಅಂತಿಟ್ಕೋ. ಒಳಗಿರೋಳು ಮೆಲ್ಲಗೆ, ಹೊರಗಿರೋಳು ಬೇಗ ಬೇಗ ಹೆಜ್ಜೆ ಹಾಕ್ಬೇಕು. ಚಕ್ರಕ್ಕೂ ಅಷ್ಟೇ. ಆ ಸಲಿಗೆ ಕೊಡೋದು ಇದು."

"ಒಳ್ಳೇದೇ ಅಲ್ವಾ ಭಾವ?"

"ತಿರುವಲ್ಲಿ ಒಳ್ಳೇದು. ಕೆಸರಲ್ಲಿ ಒಂದು ಚಕ್ರ ಸುಮ್ನೆ ಸುತ್ತೋಕೆ ಶುರು ಮಾಡಿದ್ರೆ, ನೆಲ ಕಚ್ಚಿರೋ ಚಕ್ರಕ್ಕೂ ಬಲ ಸಿಗಲ್ಲ. ಸೋಮಾರಿ ಜೊತೆ ದುಡಿಯೋನೂ ಕೂತ್ಬಿಡ್ತಾನೆ."

ಸೋಮಾರಿಗಳ ಮೇಲೆ ಅವರಿಗೆ ಮೊದಲಿನಿಂದಲೂ ಸಿಟ್ಟು.

ಅಕ್ಕ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನ್ ಓಡಿಸುತ್ತಾರೆ. ಒಂದು ಮಳೆಗಾಲ ಆಸ್ಪತ್ರೆಯ ಹಿಂದಿನ ಮಣ್ಣಿನ ಏರಿನಲ್ಲಿ ವ್ಯಾನ್ ಹೂತು, ಡಯಾಲಿಸಿಸ್‌ಗೆ ಹೊರಟಿದ್ದ ಅಜ್ಜಿಯೊಬ್ಬರನ್ನು ಕುರ್ಚಿ ಸಮೇತ ಹೊತ್ತೊಯ್ಯಬೇಕಾಯಿತು. ಮರುದಿನವೇ ಭಾವ ಉಂಡೆ ಬಿಚ್ಚಿ, ಒಳಗಿನ ಪುಟ್ಟ ಗೇರುಗಳನ್ನು ಒಂದಕ್ಕೊಂದು ವೆಲ್ಡ್ ಮಾಡಿಬಿಟ್ಟರು. ಇನ್ನು ಎರಡೂ ಚಕ್ರ ಒಂದೇ ಸಮ, ಯಾರಿಗೂ ಸಲಿಗೆಯಿಲ್ಲ. ವ್ಯಾನ್ ಏರನ್ನು ಮೇಕೆಯಂತೆ ಹತ್ತಿತು.

ಆದರೆ ಡಾಂಬರಿನ ತಿರುವುಗಳಲ್ಲಿ ಟೈರುಗಳು ಚೀರತೊಡಗಿದವು. ಅಕ್ಕ ದೂರಿದರೆ, ಭಾವ "ಅಭ್ಯಾಸ ಆಗತ್ತೆ" ಎಂದರು. ಅಭ್ಯಾಸವಾಗುವ ಮೊದಲೇ, ಒಂದು ಬೆಳಿಗ್ಗೆ ನೆನೆದ ರಸ್ತೆಯಲ್ಲಿ, ಅಕ್ಕ ಸ್ಟಿಯರಿಂಗ್ ತಿರುಗಿಸಿದರೂ ವ್ಯಾನ್ ನೆಟ್ಟಗೆ ಹೋಗಿ ಗೋಡೆಗೆ ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. ದೇವರು ಕಾಪಾಡಿದ. ಒಳಗಿದ್ದ ಅಜ್ಜಿ ಮಾತ್ರ, "ಸಾಯೋದಾದ್ರೆ ಮನೇಲೇ ಸಾಯ್ತೀನಿ, ಇದನ್ನ ಹತ್ತಲ್ಲ" ಎಂದು ಹಟ ಹಿಡಿದರು. ಆ ಚಿಕಿತ್ಸೆ ತಪ್ಪಿದರೆ ಆಕೆ ಉಳಿಯುವವರಲ್ಲ.

ಅಕ್ಕ ಬೀಗದ ಕೈಯನ್ನು ಭಾವನ ಚಹಾ ಲೋಟದ ಪಕ್ಕ ಇಟ್ಟರು. ಭಾವ ಅದಕ್ಕೆ ಕೈ ಚಾಚಿದಾಗ ಮತ್ತೆ ಎತ್ತಿಕೊಂಡು, "ನೀವು ಓಡಿಸೋದು ಬೇಡ. ಹಿಂದೆ, ಅಜ್ಜಿ ಸೀಟಲ್ಲಿ ಕೂತ್ಕೊಳ್ಳಿ. ನಾನು ಓಡಿಸ್ತೀನಿ" ಎಂದರು.

ಜೊತೆಗೆ ನಾನೂ ಕೂತೆ. ದುರಸ್ತಿಯಾದ ಎಷ್ಟೋ ಗಾಡಿಗಳನ್ನು ಭಾವ ಪರೀಕ್ಷಿಸಿದ್ದರು, ಯಾವಾಗಲೂ ಸ್ಟಿಯರಿಂಗ್ ಹಿಡಿದೇ. ಈಗ ಹಿಡಿಯಲು ಮುಂದಿನ ಸೀಟಿನ ಬೆನ್ನು ಮಾತ್ರ ಇತ್ತು. ಮೊದಲ ತಿರುವಿಗೆ ಕಪ್ಪು ತೋಳು ಅದನ್ನು ಬಿಗಿಯಾಗಿ ತಬ್ಬಿತು. ಬಾಯಲ್ಲೇ ದೇವರ ಹೆಸರು ಜಪಿಸುತ್ತಿದ್ದ ನಾನು ತಿರುವು ದಾಟಿದ ಮೇಲೆ ಸುಮ್ಮನಾದೆ.

"ಜಪ ನಿಲ್ಲಿಸ್ಬೇಡಮ್ಮ," ಎಂದರು ಭಾವ, "ಇನ್ನೊಂದಿದೆ."

ಮನೆಗೆ ಬಂದವರೇ ಭಾವ ಆ ಬೆಸೆದ ಉಂಡೆಯನ್ನು ಕಿತ್ತು, ಬೇರೊಂದು ಬಗೆಯದನ್ನು ಕೂರಿಸಿದರು. ಅದರೊಳಗೆ ಬಿಲ್ಲೆಗಳಿವೆಯಂತೆ: ತಿರುವಿನಲ್ಲಿ ಚಕ್ರಗಳಿಗೆ ಸಲಿಗೆ ಕೊಡುತ್ತವೆ, ಒಂದು ಚಕ್ರ ಬಿಟ್ಟಿ ಸುತ್ತತೊಡಗಿದರೆ ಒತ್ತಿ ಹಿಡಿದು ಇನ್ನೊಂದಕ್ಕೆ ಬಲ ದಾಟಿಸುತ್ತವೆ. ಏರಿನಲ್ಲಿ ವ್ಯಾನ್ ಈಗ ಮೇಕೆಯಲ್ಲ. ಒಂದಿಷ್ಟು ಜಾರಿ, ಯೋಚಿಸಿ, ಹತ್ತುತ್ತದೆ.

ಅಜ್ಜಿಯನ್ನು ಕರೆಯಲು ಭಾವನೇ ಹೋದರು. "ನಾನೂ ಹಿಂದೆ ಕೂತ್ಕೊಳ್ತೀನಿ, ಬನ್ನಿ."

"ನೀನು ಕೂತ್ರೆ ಗಾಡಿ ನೆಟ್ಟಗಾಗತ್ತೇನಪ್ಪಾ?"

"ನೆಟ್ಟಗೆ ಹೋಗೋದೇ ತೊಂದರೆ ಆಗಿತ್ತಲ್ಲ ಅಜ್ಜಿ. ಈಗ ತಿರುಗತ್ತೆ."

ಅಜ್ಜಿ ನಕ್ಕು, ಎಣ್ಣೆಯ ತೋಳು ಹಿಡಿದುಕೊಂಡೇ ವ್ಯಾನ್ ಹತ್ತಿದರು.

ತಪ್ಪಾಯಿತು ಎಂದು ಭಾವ ಇವತ್ತಿಗೂ ಯಾರಿಗೂ ಹೇಳಿಲ್ಲ. ಅಂಥವರ ಬಾಯಿಗೆ ಆ ಮಾತು ಒಗ್ಗುವುದೂ ಇಲ್ಲ. ಅವರು ತಿರುಗುವುದು ನಿಧಾನ, ಆದರೆ ತಿರುಗಿದರೆ ಇಡೀ ಮೈ ತಿರುಗುತ್ತದೆ. ಆಮೇಲೆ ನಾವು ಹೆದರಿ ಕುಳಿತ ಜಾಗಕ್ಕೇ ಬಂದು, ಪಕ್ಕದಲ್ಲಿ ಕೂರುತ್ತಾರೆ.